ನಿಮಗಿದು ಗೊತ್ತೇ? ಚಕ್ರದ ಮೇಲಿನ ಅಡುಗೆಮನೆಯ ಮುಸುರೆ!

ಮಲಗಲು ಹಾಸಿಗೆ, ಪುಟ್ಟದೊಂದು ಒಲೆ, ಅದರ ಪಕ್ಕದಲ್ಲೇ ಇನ್ನೂ ಪುಟ್ಟ ಸಿಂಕು. ಇಷ್ಟನ್ನೂ ಹೊತ್ತು ಊರೂರು ತಿರುಗುವ ಕ್ಯಾಂಪರ್‌ವ್ಯಾನ್ ನೋಡಿದ್ದೀರಾ? ಅದರೊಳಗೆ ಅಡುಗೆ ಮಾಡುವುದೇನೋ ಸುಲಭ. ಉಂಡಾದ ಮೇಲೆ? ಮುಸುರೆ ತಿಕ್ಕಲು ನೀರೆಲ್ಲಿ? ಮಜಾ ಇರುವುದೇ ಇಲ್ಲಿ. ಬನ್ನಿ, ನೋಡೇಬಿಡೋಣ!

ಫೋಕ್ಸ್‌ವ್ಯಾಗನ್ ಕಂಪನಿಯ ಹೆಸರಾಂತ ಕ್ಯಾಲಿಫೋರ್ನಿಯಾ ವ್ಯಾನಿನ ಟಿ6 ಮಾದರಿಯಲ್ಲಿ ಶುದ್ಧ ನೀರಿನ ಟ್ಯಾಂಕು ಎಷ್ಟು ದೊಡ್ಡದು ಹೇಳಿ? ಬರೀ 30 ಲೀಟರ್! ಅಮೆರಿಕದ ನಿಯಮದಂತೆ ಮನೆಯ ಅಡುಗೆಕೋಣೆಯ ನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 8.3 ಲೀಟರ್ ನೀರು ಬಿಡಬಹುದು. ಅಂಥ ನಲ್ಲಿಯನ್ನು ಈ ಟ್ಯಾಂಕಿಗೆ ಜೋಡಿಸಿ ಪೂರ್ತಿ ತಿರುಗಿಸಿದರೆ? ನಾಲ್ಕು ನಿಮಿಷ ಆಗುವ ಮೊದಲೇ ಟ್ಯಾಂಕು ಖಾಲಿ!

ಈಗ ನ್ಯೂಜಿಲೆಂಡಿಗೆ ಹೋಗೋಣ. ವ್ಯಾನಿನಲ್ಲಿ ವಾಸ ಮಾಡುತ್ತ ದೇಶ ಸುತ್ತುವವರಿಗೆ ಅದು ಸ್ವರ್ಗ. ಆದರೆ ಸ್ಥಳೀಯ ಆಡಳಿತದ ಜಾಗಗಳಲ್ಲಿ ಬಿಟ್ಟಿಯಾಗಿ ವ್ಯಾನ್ ನಿಲ್ಲಿಸಿ ರಾತ್ರಿ ಕಳೆಯಲು ಸಾಮಾನ್ಯವಾಗಿ ಒಂದು ಪ್ರಮಾಣಪತ್ರ ಬೇಕು. ಏನದು? ‘ಈ ಗಾಡಿಯ ನೀರು ಇದಕ್ಕೇ ಸಾಲುತ್ತದೆ, ಇದರ ಕೊಳೆ ಇದರೊಳಗೇ ಉಳಿಯುತ್ತದೆ’ ಎಂಬುದಕ್ಕೆ ಸಾಕ್ಷಿ! ಮೂರು ದಿನಕ್ಕೆ ಸಾಲುವಷ್ಟು ನೀರು ಗಾಡಿಯಲ್ಲೇ ಇರಬೇಕು. ಎಷ್ಟು? ತಲೆಗೆ ದಿನಕ್ಕೆ ಕನಿಷ್ಠ 4 ಲೀಟರ್. ಕುಡಿಯಲು, ಅಡುಗೆಗೆ, ಮುಖ ತೊಳೆಯಲು, ಪಾತ್ರೆಗೆ, ಎಲ್ಲವೂ ಅದರಲ್ಲೇ!

4 ಲೀಟರ್ ಅಂದರೆ ಎಷ್ಟು ಕಡಿಮೆ ಅಂತ ತಿಳಿಯಬೇಕೇ? ನಮ್ಮ ದೇಶದ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಕೊಡಬೇಕು ಎಂಬುದು ಸರ್ಕಾರಿ ಲೆಕ್ಕ. ಜಲ ಜೀವನ್ ಮಿಷನ್ ಹಳ್ಳಿಯ ಮನೆಗಳಿಗೆ ಹಾಕಿಕೊಂಡ ಗುರಿ 55 ಲೀಟರ್. ಇರಲಿ, ನಿರಾಶ್ರಿತರ ಶಿಬಿರಗಳಿಗೆ ಇರುವ ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡವೇ 15 ಲೀಟರ್ ಕೇಳುತ್ತದೆ. ಇಲ್ಲಿ ಬರೀ ನಾಲ್ಕು! ಅದರಲ್ಲೇ ತಟ್ಟೆಯೂ ಹೊಳೆಯಬೇಕು!

ಹೋದ ನೀರಿಗೂ ಲೆಕ್ಕವಿದೆ, ಗೊತ್ತೇ? ಸಿಂಕಿನಿಂದ ಇಳಿದ ನೀರನ್ನು ನ್ಯೂಜಿಲೆಂಡಿನಲ್ಲಿ ರಸ್ತೆಗೆ ಬಿಡುವಂತಿಲ್ಲ. ತಲೆಗೆ 12 ಲೀಟರ್ ಹಿಡಿಯುವ ಮುಚ್ಚಿದ ಕೊಳೆನೀರಿನ ಟ್ಯಾಂಕು ಇರಲೇಬೇಕು. ಅದರ ವಾಸನೆ ಮೇಲೆ ಬರದಂತೆ ಸಿಂಕಿನ ಕೊಳವೆಗೆ ತಡೆಯೂ ಬೇಕು. 2023ರಲ್ಲಿ ಕಾನೂನು ಇನ್ನೂ ಬಿಗಿಯಾಯಿತು. ಪ್ರಮಾಣಪತ್ರ ಪಡೆದ ಗಾಡಿಗೆ ಹಳೆಯ ನೀಲಿ ಗುರುತಿನ ಬದಲು ಹಸಿರು ಗುರುತು ಬಂತು!

ದೊಡ್ಡ ಟ್ಯಾಂಕು ಹಾಕಿಸಿಕೊಂಡರೆ ಆಯಿತಲ್ಲ ಅನ್ನುತ್ತೀರಾ? ಸ್ವಲ್ಪ ತಾಳಿ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ ತೂಕ. ಯುರೋಪಿನಲ್ಲಿ ಸಾಮಾನ್ಯ ಕಾರಿನ ಲೈಸೆನ್ಸಿನಲ್ಲಿ ಓಡಿಸಬಹುದಾದ ಗಾಡಿಯ ತೂಕಕ್ಕೆ 3,500 ಕಿಲೋ ಎಂಬ ಮಿತಿ ಬಹುಕಾಲದಿಂದ ಇದೆ. ಹಾಸಿಗೆ, ಬೀರು, ಒಲೆ, ಸೈಕಲ್ಲು ಎಲ್ಲ ಸೇರಿದಾಗ ಮಿತಿ ಹತ್ತಿರ ಬಂದೇಬಿಡುತ್ತದೆ. ಅದಕ್ಕೇ ಅಲ್ಲಿನ ಎಷ್ಟೋ ತಯಾರಕರು 100 ಲೀಟರಿನ ಟ್ಯಾಂಕು ಕೊಟ್ಟು, ‘ಓಡಿಸುವಾಗ ಇದರಲ್ಲಿ 20 ಲೀಟರ್ ಮಾತ್ರ ಇರಲಿ’ ಎನ್ನುತ್ತಾರೆ. ಟ್ಯಾಂಕು ಇದೆ, ತುಂಬುವಂತಿಲ್ಲ!

ಮನೆಯಲ್ಲಿ ನಾವು ಎಷ್ಟು ನೀರು ಸುರಿಯುತ್ತೇವೆ? ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ಯುರೋಪಿನ ಬೇರೆ ಬೇರೆ ದೇಶದವರನ್ನು ಕರೆಸಿ, 12 ಜನ ಉಂಡಷ್ಟು ಪಾತ್ರೆ ಕೊಟ್ಟು, ‘ನಿಮ್ಮ ರೂಢಿಯಂತೆ ತೊಳೆಯಿರಿ’ ಎಂದು ಬಿಟ್ಟರು. ಸರಾಸರಿ ಖರ್ಚಾದ ನೀರು 103 ಲೀಟರ್! ಕ್ಯಾಲಿಫೋರ್ನಿಯಾ ವ್ಯಾನಿನ ಟ್ಯಾಂಕನ್ನು ಮೂರು ಸಲ ಖಾಲಿ ಮಾಡಿದರೂ ಸಾಲದು!

ಹಾಗಾದರೆ ವ್ಯಾನಿನವರು ಹೇಗೆ ನಿಭಾಯಿಸುತ್ತಾರೆ? ನನ್ನನ್ನು ಕೇಳಿದರೆ ಎಲ್ಲಕ್ಕಿಂತ ದೊಡ್ಡ ಗುಟ್ಟು ಇದೇ: ಅವರು ಪಾತ್ರೆಯನ್ನು ತೊಳೆಯುವುದಕ್ಕೆ ಮೊದಲು ಒರೆಸುತ್ತಾರೆ! ಚಪಾತಿಯ ಕೊನೆಯ ಚೂರಿನಿಂದ ತಟ್ಟೆ ಬಳಿದು ತಿನ್ನುತ್ತಾರೆ. ಬಾಣಲೆಯ ತಳವನ್ನು ರಬ್ಬರಿನಂಥ ಸಿಲಿಕೋನ್ ಸೌಟಿನಿಂದ ಗೀಚಿ ತೆಗೆಯುತ್ತಾರೆ. ಉಳಿದ ಜಿಡ್ಡಿಗೆ ಹಳೆಯ ಪೇಪರ್ ಚೂರು. ಇಷ್ಟಾದ ಮೇಲೆ ತೊಳೆಯಲು ಉಳಿಯುವುದು ತೆಳ್ಳನೆಯ ಪಸೆ ಮಾತ್ರ. ಅದಕ್ಕೆ ಸ್ಪ್ರೇ ಬಾಟಲಿಯಿಂದ ಸೋಪುನೀರು ಚಿಮ್ಮಿಸಿ, ತಿಕ್ಕಿ, ಮತ್ತೊಂದು ಬಾಟಲಿಯಿಂದ ಬರೀ ನೀರು ಚಿಮ್ಮಿಸಿದರೆ ಮುಗಿಯಿತು. ಕೊಳೆನೀರಿನ ಟ್ಯಾಂಕು ನಾರುವುದೂ ಕಡಿಮೆ. ಅನ್ನದ ಅಗುಳೇ ಒಳಗೆ ಹೋಗದಿದ್ದರೆ ಕೊಳೆಯುವುದಾದರೂ ಏನು?

ಎಷ್ಟೋ ವ್ಯಾನುಗಳಲ್ಲಿ ನಲ್ಲಿ ತಿರುಗಿಸುವುದೇ ಇಲ್ಲ, ಕಾಲಲ್ಲಿ ಒತ್ತುತ್ತಾರೆ! ನೆಲದಲ್ಲೊಂದು ಪಂಪು. ಒತ್ತಿದಷ್ಟೇ ನೀರು. ಕಾಲು ತೆಗೆದರೆ ಬಂದ್. ಎರಡೂ ಕೈ ಪಾತ್ರೆಗೇ ಮೀಸಲು!

ತೊಳೆಯುವ ಸರದಿಯಲ್ಲೂ ಜಾಣತನವಿದೆ. ಮೊದಲು ಲೋಟ, ಆಮೇಲೆ ಚಮಚ, ತಟ್ಟೆ, ಕಟ್ಟಕಡೆಗೆ ಬಾಣಲೆ. ಜಿಡ್ಡಿಲ್ಲದ್ದು ಮೊದಲಾದರೆ ಒಂದೇ ಬೋಗುಣಿ ನೀರು ಕೊನೆಯವರೆಗೂ ಬರುತ್ತದೆ!

ಚಕ್ರದ ಮೇಲಿನ ಅಡುಗೆಮನೆ ಹೊಸದು ಅಂದುಕೊಂಡಿರಾ? 1866ರಲ್ಲೇ ಇತ್ತು! ಟೆಕ್ಸಾಸ್‌ನ ಚಾರ್ಲ್ಸ್ ಗುಡ್‌ನೈಟ್ ಸೈನ್ಯದ ಹಳೆಯ ಗಾಡಿಗೆ ಅಡುಗೆಯ ಕಪಾಟು ಕೂಡಿಸಿ ‘ಚಕ್‌ವ್ಯಾಗನ್’ ಮಾಡಿದ. ನೂರಾರು ಮೈಲಿ ದನ ಹೊಡೆದುಕೊಂಡು ಹೋಗುವ ಕೌಬಾಯ್‌ಗಳಿಗೆ ಅದೇ ಅಡುಗೆಮನೆ. ಗಾಡಿಯ ಪಕ್ಕಕ್ಕೆ ನೀರಿನ ಪೀಪಾಯಿ ಕಟ್ಟಿರುತ್ತಿತ್ತು. ಉಂಡವರು ತಟ್ಟೆಯನ್ನು ಎಲ್ಲೆಂದರಲ್ಲಿ ಬಿಟ್ಟು ಏಳುವಂತಿರಲಿಲ್ಲ. ಒಂದು ದೊಡ್ಡ ಬೋಗುಣಿಗೆ ತಂದು ಹಾಕಲೇಬೇಕಿತ್ತು. ಮರೆತವನಿಗೆ ಅಡುಗೆಯವನಿಂದ ಬೈಗುಳ!

ಎರಡನೇ ಮಹಾಯುದ್ಧದ ಅಮೆರಿಕನ್ ಸೈನಿಕರು ಪಾತ್ರೆಯನ್ನು ಸಾಲಿನಲ್ಲಿ ನಿಂತು ತೊಳೆಯುತ್ತಿದ್ದರು! ದೊಡ್ಡ ದೊಡ್ಡ ಡಬ್ಬಗಳಲ್ಲಿ ಮೊದಲು ಬಿಸಿ ಸೋಪುನೀರು, ಮುಂದೆ ಕುದಿಯುವ ಬರೀ ನೀರು. ತಟ್ಟೆ, ಮುಚ್ಚಳ, ಚಮಚಗಳನ್ನು ಉದ್ದ ಹಿಡಿಕೆಗೆ ಪೋಣಿಸಿ ಒಂದೊಂದರಲ್ಲೂ ಅದ್ದುತ್ತ ನಡೆಯುವುದು. ಕೈ ಒದ್ದೆಯೇ ಆಗುವುದಿಲ್ಲ. ಒರೆಸುವ ಬಟ್ಟೆಯೂ ಬೇಡ. ಕುದಿನೀರಿನಲ್ಲಿ ಕಾದ ಲೋಹ ಗಾಳಿಯಲ್ಲಿ ಬೀಸುವಷ್ಟರಲ್ಲಿ ತಾನೇ ಒಣಗುತ್ತದೆ!

ಸುತ್ತ ನೀರೇ ನೀರು, ಆದರೂ ತೊಳೆಯಲು ನೀರಿಲ್ಲ. ಹಡಗಿನವರ ಪಾಡು ಇದು. ಅವರು ಸಮುದ್ರದ ನೀರಲ್ಲೇ ಪಾತ್ರೆ ಉಜ್ಜಿ, ಕೊನೆಗೊಮ್ಮೆ ಮಾತ್ರ ಸಿಹಿನೀರು ತೋರಿಸುತ್ತಾರೆ. ಉಪ್ಪುನೀರಿನಲ್ಲಿ ಮಾಮೂಲಿ ಸೋಪು ನೊರೆ ಬಿಡುವುದಿಲ್ಲ, ಮೊಸರಿನಂತೆ ಒಡೆಯುತ್ತದೆ. ನೊರೆ ಬಿಡುವ ಸೋಪು ಯಾವುದು ಗೊತ್ತೇ? ತೆಂಗಿನೆಣ್ಣೆಯದು! ನಮ್ಮ ಕರಾವಳಿಯ ಮನೆಮನೆಯ ಎಣ್ಣೆ ಕಡಲಿನ ಸೋಪಿಗೂ ಬೇಕು!

ನೀರೇ ಇಲ್ಲದೆ ತೊಳೆಯುವವರೂ ಇದ್ದಾರೆ. ರಾಜಸ್ಥಾನದ ಮರುಭೂಮಿಯಲ್ಲಿ ಪಾತ್ರೆಗೆ ಮರಳು ಮತ್ತು ಬೂದಿ ಹಾಕಿ ತಿಕ್ಕಿ ಒರೆಸಿದರೆ ಆಯಿತು. ಫಳಫಳ! ಬೂದಿ ಬರೀ ಧೂಳಲ್ಲ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ಅದು ಎಣ್ಣೆಯ ಜಿಡ್ಡಿನ ಜೊತೆ ಸೇರಿದರೆ ಪಾತ್ರೆಯ ಮೇಲೆಯೇ ಅಷ್ಟಿಷ್ಟು ಸೋಪು ಹುಟ್ಟುತ್ತದೆ! ನಮ್ಮ ಅಜ್ಜಿಯರು ಒಲೆಬೂದಿ, ತೆಂಗಿನ ನಾರು ಹಿಡಿದು ಕೂರುತ್ತಿದ್ದುದು ಸುಮ್ಮನೆ ಅಲ್ಲ. ಒಂದು ಎಚ್ಚರಿಕೆ: ಅಲ್ಯೂಮಿನಿಯಂ ಪಾತ್ರೆಗೆ ಒದ್ದೆ ಬೂದಿ ಬೇಡ. ಕ್ಷಾರ ಅದನ್ನು ತಿನ್ನುತ್ತದೆ.

ಸ್ಕ್ರಬ್ಬರ್ ಮರೆತು ಬಂದಿರಾ? ಯುರೋಪು, ಅಮೆರಿಕದ ಹೊಳೆದಂಡೆಗಳಲ್ಲಿ ಹಾರ್ಸ್‌ಟೇಲ್ ಎಂಬ ಗಿಡ ಬೆಳೆಯುತ್ತದೆ. ಅದರ ಕಾಂಡದ ತುಂಬ ಸಿಲಿಕಾ, ಮರಳಿನಲ್ಲಿ ಇರುವುದೂ ಅದೇ! ಹಿಂದಿನವರು ಆ ಗಿಡವನ್ನೇ ಮುರಿದು ಪಾತ್ರೆ ಉಜ್ಜುತ್ತಿದ್ದರು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಸಿಂಕೇ ಇಲ್ಲ! ಊಟ ಪೊಟ್ಟಣದಲ್ಲಿ. ಉಂಡಾದ ಮೇಲೆ ಚಮಚ ಮತ್ತು ಪೊಟ್ಟಣ ಕತ್ತರಿಸಿದ ಕತ್ತರಿಯನ್ನು ಒದ್ದೆ ಟಿಶ್ಯೂವಿನಿಂದ ಒರೆಸಿಟ್ಟರೆ ಮುಸುರೆ ಮುಗಿಯಿತು. ಅಲ್ಲಿನ ಬೆವರು, ಉಸಿರಿನ ತೇವ, ಮೂತ್ರವನ್ನೂ ಶುದ್ಧಮಾಡಿ ಶೇ. 98ರಷ್ಟು ನೀರನ್ನು ಮರಳಿ ಪಡೆಯುವುದು ಸಾಧ್ಯವಾಗಿದೆ ಎಂದು 2023ರಲ್ಲಿ ನಾಸಾ ಹೇಳಿತು!

ತೊಳೆದದ್ದಾಯಿತು. ಒಣಗಿಸುವುದು? ಫಿನ್ಲೆಂಡಿನ ಮೈಯು ಗೆಭಾರ್ಡ್ ಎಂಬಾಕೆ 1940ರ ದಶಕದಲ್ಲಿ ಒಂದು ಲೆಕ್ಕ ಹಾಕಿದರು. ಗೃಹಿಣಿಯೊಬ್ಬಳು ಜೀವಮಾನದಲ್ಲಿ ಪಾತ್ರೆ ತೊಳೆದು ಒರೆಸಲು ಹತ್ತಿರ ಹತ್ತಿರ 30,000 ಗಂಟೆ ಕಳೆಯುತ್ತಾಳಂತೆ! ಅದಕ್ಕೇ ಸಿಂಕಿನ ಮೇಲೆಯೇ ತಳವಿಲ್ಲದ, ಸರಳುಗಳ ಕಪಾಟು ಬರುವಂತೆ ಮಾಡಿದರು. ಒದ್ದೆ ತಟ್ಟೆ ನೇರ ಅದರೊಳಗೆ. ನೀರು ತೊಟ್ಟಿಕ್ಕಿ ಸಿಂಕಿಗೇ ಬೀಳುತ್ತದೆ. ಒರೆಸುವ ಕೆಲಸವೇ ಮಾಯ! ಜಾಗವಿಲ್ಲದ ವ್ಯಾನಿಗೆ ಹೇಳಿಮಾಡಿಸಿದ ಉಪಾಯ.

ಬಟ್ಟೆಯಿಂದ ಒರೆಸಿದರೆ ಹೆಚ್ಚು ಸ್ವಚ್ಛ ಅಂತೀರಾ? ಅಮೆರಿಕದ ಹೋಟೆಲುಗಳ ಆಹಾರ ಸಂಹಿತೆ ಒಪ್ಪುವುದಿಲ್ಲ! ತೊಳೆದ ಪಾತ್ರೆ ಗಾಳಿಗೇ ಒಣಗಬೇಕು, ಬಟ್ಟೆ ಮುಟ್ಟಿಸಬಾರದು. ಸ್ಕೌಟ್ ಶಿಬಿರದ ಮಕ್ಕಳಿಗೆ ಇದು ಸಲೀಸು. ತಟ್ಟೆ ಲೋಟಗಳನ್ನು ಬಲೆಚೀಲಕ್ಕೆ ಹಾಕಿ, ನೀರಲ್ಲಿ ಅದ್ದಿ, ಚೀಲದ ಸಮೇತ ಹಗ್ಗಕ್ಕೆ ನೇತುಹಾಕುತ್ತಾರೆ!

ಇನ್ನು ಆ ಮೆತ್ತನೆಯ ಸ್ಪಂಜು. 2017ರಲ್ಲಿ ಜರ್ಮನಿಯ ವಿಜ್ಞಾನಿಗಳು ಬಳಸಿದ ಅಡುಗೆಮನೆ ಸ್ಪಂಜುಗಳನ್ನು ಪರೀಕ್ಷಿಸಿದರು. ಕೆಲವು ಕಡೆ ಒಂದು ಘನ ಸೆಂಟಿಮೀಟರಿನಲ್ಲಿ 5,000 ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ! ಮುಚ್ಚಿದ ವ್ಯಾನಿನಲ್ಲಿ ಒಣಗದೆ ಕೂತ ಸ್ಪಂಜಿನ ಗತಿ ಯೋಚಿಸಿ. ಬ್ರಶ್ಶು ಬೇಗ ಒಣಗುತ್ತದೆ. ಒಣಗಿದ ಬ್ರಶ್ಶಿನಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಸಾಯುವುದನ್ನು ನಾರ್ವೆಯ ಸಂಶೋಧಕರು ಕಂಡಿದ್ದಾರೆ. ನನ್ನ ಮತ ಬ್ರಶ್ಶಿಗೇ.

ವ್ಯಾನಿನೊಳಗೆ ಒರೆಸುವ ಬಟ್ಟೆ ಒಣಗುವುದೇ ಇಲ್ಲ ಎಂದು ಎಷ್ಟೋ ಜನ ಗೊಣಗುತ್ತಾರೆ. ಕಾರಣ ಕೇಳಿದರೆ ಬೆರಗಾಗುತ್ತೀರಿ. ಗ್ಯಾಸ್ ಒಲೆ ಉರಿದಾಗ ನೀರು ಹುಟ್ಟುತ್ತದೆ! ಒಂದು ಕಿಲೋ ಅಡುಗೆ ಅನಿಲ ಸುಟ್ಟರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ. ಉರಿಸಿದ್ದಕ್ಕಿಂತ ಹುಟ್ಟಿದ ನೀರಿನ ತೂಕವೇ ಹೆಚ್ಚು! ಗಾಳಿಯ ಆಮ್ಲಜನಕ ಸೇರಿಕೊಳ್ಳುವುದರಿಂದ ಹೀಗೆ. ಪಾತ್ರೆಗೆಂದು ನೀರು ಕಾಯಿಸುವಾಗ ಕಿಟಕಿ ತೆರೆದಿರಲಿ, ಉಸಿರಿಗೂ ಅದು ಬೇಕು.

ಕಾಡಿನಲ್ಲಿ ತಂಗಿದ್ದೀರಾ? ಹೊಳೆಗಿಳಿದು ಪಾತ್ರೆ ಉಜ್ಜಬೇಡಿ. ‘ಪರಿಸರಸ್ನೇಹಿ’ ಸೋಪೂ ಹೊಳೆಗೆ ಒಳ್ಳೆಯದಲ್ಲ. ಅಮೆರಿಕದ ಕಾಡು ಸುತ್ತುವವರ ನಿಯಮ 200 ಅಡಿ: ತೊಳೆದ ನೀರನ್ನು ಸೋಸಿ, ಹೊಳೆಯಿಂದ ಅಷ್ಟು ದೂರ ಒಯ್ದು, ಅಗಲವಾಗಿ ಎರಚಬೇಕು. ಸೋಸಿದ ಅಗುಳು ಕಸದ ಚೀಲಕ್ಕೆ. ನಮ್ಮ ಹಳ್ಳಿಗಳಲ್ಲಿ ಕಲಗಚ್ಚು ಕುಡಿಯಲು ಕೊಟ್ಟಿಗೆಯಲ್ಲಿ ದನ ಕಾಯುತ್ತಿರುತ್ತದೆ. ಅಲ್ಲಿ ಕಾಯುವುದು ಕರಡಿ! ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಪಾತ್ರೆ, ಒಲೆ, ಬಕೆಟ್ಟು, ಬೇಸಿನ್ನನ್ನು ಕೂಡ ಹೊರಗೆ ಬಿಟ್ಟು ಹೋಗುವಂತಿಲ್ಲ!

ವಿದೇಶದಲ್ಲಿ ವ್ಯಾನ್ ಬಾಡಿಗೆಗೆ ಪಡೆದು ಸಾರು, ಪಲ್ಯ ಮಾಡುವ ಕನ್ನಡಿಗರಿಗೊಂದು ಕಿವಿಮಾತು. ಪ್ಲಾಸ್ಟಿಕ್ ತಟ್ಟೆಗೆ ಹಿಡಿದ ಅರಿಸಿನದ ಕಲೆಗೆ ನೀರು ಸುರಿಯಬೇಡಿ. ಬಿಸಿಲಿಗೆ ಇಡಿ! ಅರಿಸಿನದ ಬಣ್ಣವಾದ ಕರ್ಕ್ಯುಮಿನ್ ಬೆಳಕಿಗೆ ಒಡೆಯುತ್ತದೆ, ಕಲೆ ತಾನಾಗಿ ಮಾಸುತ್ತದೆ. ಒಂದು ಹನಿ ನೀರೂ ಬೇಡ!

ಈಗ ನಿಮ್ಮ ಸರದಿ. ಇವತ್ತು ರಾತ್ರಿ ಮುಸುರೆಗೆ ಕೂರುವಾಗ ಸಿಂಕಿನ ಕೊಳವೆಯ ಕೆಳಗೊಂದು ಬಕೆಟ್ ಇಡಿ. ಎಷ್ಟು ಲೀಟರ್ ತುಂಬಿತು ಅಂತ ಅಳೆಯಿರಿ. ನಾಳೆ ಮೊದಲು ಒರೆಸಿ, ಆಮೇಲೆ ತೊಳೆದು, ಮತ್ತೆ ಅಳೆಯಿರಿ. ಎರಡೂ ಅಂಕಿ ಬರೆದು ನಮಗೆ ಕಳಿಸುತ್ತೀರಲ್ಲ?