ಬಂಡೂರು ಕುರಿ: ತಳಿ ಉಳಿದರೆ ಮಾತ್ರ ಬೆಲೆ

ಮಳವಳ್ಳಿ, ತಿ. ನರಸೀಪುರದ ಕಡೆಯ ಜನರಿಗೆ ಬಂಡೂರು ಕುರಿಯನ್ನು ಪರಿಚಯಿಸಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದಿಂದ ಅದಕ್ಕೆ ಈ ಹೆಸರು ಬಂದಿದೆ. ಬನ್ನೂರು ಕುರಿ, ಮಂಡ್ಯ ಕುರಿ ಅಂತಲೂ ಕರೆಯುತ್ತಾರೆ. ಇದರ ಮಾಂಸಕ್ಕೆ, ಅದರಲ್ಲೂ ಬಕ್ರೀದ್ ಸಮಯದಲ್ಲಿ ಒಳ್ಳೆಯ ಟಗರಿಗೆ, ಹೆಚ್ಚು ಹಣ ಕೊಡುವ ಗಿರಾಕಿಗಳಿದ್ದಾರೆ. ಹಾಗಿದ್ದರೂ ಶುದ್ಧ ತಳಿಯ ಕುರಿಗಳು ಕಡಿಮೆಯಾಗುತ್ತಾ ಬಂದಿವೆ. ಬೆಲೆ ಇರುವ ಪ್ರಾಣಿ ಯಾಕೆ ಕಡಿಮೆಯಾಗಬೇಕು? ಸಾಕುವವರೆಲ್ಲರೂ ಇದನ್ನು ಯೋಚಿಸಬೇಕು.

ಗುರುತು ಹೇಗೆ?

ಕಾಲು ಗಿಡ್ಡ, ಮೈ ತುಂಬಿಕೊಂಡು ದುಂಡಗೆ. ಬಣ್ಣ ಬಿಳಿ, ಕೆಲವಕ್ಕೆ ಮುಖದ ಮೇಲೆ ತಿಳಿ ಕಂದು. ಕೊಂಬು ಇರುವುದಿಲ್ಲ. ಕಿವಿ ಉದ್ದವಾಗಿ ಜೋತು ಬಿದ್ದಿರುತ್ತದೆ. ಹಿಂದೆ ನಿಂತು ನೋಡಿದರೆ ತೊಡೆಗಳ ನಡುವೆ ಇಂಗ್ಲಿಷಿನ 'ಯು' ಅಕ್ಷರವನ್ನು ತಲೆಕೆಳಗು ಮಾಡಿದ ಹಾಗೆ ಕಾಣುತ್ತದೆ. ಮಾಂಸದ ಎಳೆಗಳ ನಡುವೆ ಕೊಬ್ಬು ಸಣ್ಣಗೆ ಹರಡಿರುವುದರಿಂದ ಮೃದುವಾಗಿ ಬೇಯುತ್ತದೆ, ರುಚಿಯೂ ಹೆಚ್ಚು.

ಲೆಕ್ಕ ಎಲ್ಲಿ ತಪ್ಪುತ್ತದೆ?

ಬೆಳೆದ ಟಗರು ಸುಮಾರು 35 ಕಿಲೋ, ಹೆಣ್ಣು ಕುರಿ ಸುಮಾರು 25 ಕಿಲೋ ತೂಗುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ. ಆದ್ದರಿಂದ ಸಂತೆಯ ಮಾಮೂಲಿ ದರಕ್ಕೆ ಮಾರಿದರೆ ದೊಡ್ಡ ಜಾತಿಯ ಕುರಿಯೇ ಲಾಭ. ಬಂಡೂರಿನ ಲಾಭವೆಲ್ಲ ಇರುವುದು ಹೆಸರಿಗೆ ಸಿಗುವ ಹೆಚ್ಚಿನ ದರದಲ್ಲಿ.

ಇಲ್ಲಿ ಎರಡು ತೊಂದರೆಗಳಿವೆ. ತೂಕ ಬೇಗ ಬರಲಿ ಅಂತ ಎತ್ತರದ ಬೇರೆ ಟಗರನ್ನು ಬಿಡುತ್ತಾರೆ. ಮರಿ ದೊಡ್ಡದಾಗುತ್ತದೆ, ಆದರೆ ಅದು ಬಂಡೂರು ಅಲ್ಲ. ಇನ್ನೊಂದು, ಹಿಂಡಿನ ಅತ್ಯುತ್ತಮ ಟಗರನ್ನೇ ಹಬ್ಬಕ್ಕೆ ಮಾರುತ್ತಾರೆ. ಉಳಿದ ಸಾಧಾರಣ ಟಗರೇ ಮುಂದಿನ ಮರಿಗಳಿಗೆ ತಂದೆ. ಹೀಗೆ ನಾಲ್ಕೈದು ವರ್ಷ ನಡೆದರೆ ಹೆಸರು ಉಳಿದರೂ ಗುಣ ಉಳಿಯುವುದಿಲ್ಲ. ಒಮ್ಮೆ ಮೋಸಹೋದ ಗಿರಾಕಿ ಮತ್ತೆ ಹೆಚ್ಚಿನ ಬೆಲೆ ಕೊಡುತ್ತಾನೆಯೇ?

ಜಪಾನಿನವರು ಮಾಡಿದ್ದೇನು?

ಇದೇ ಪ್ರಶ್ನೆ ಜಪಾನಿನಲ್ಲಿ ದನದ ಮಾಂಸಕ್ಕೂ ಇತ್ತು. ಅಲ್ಲಿಯ 'ಕೋಬೆ' ಮಾಂಸ ಜಗತ್ತಿನಲ್ಲೇ ದುಬಾರಿ ಮಾಂಸಗಳಲ್ಲಿ ಒಂದು. ಹೆಸರನ್ನು ಕಾಪಾಡಲು 1983ರಲ್ಲಿ ಒಂದು ಸಂಘ ಮಾಡಿಕೊಂಡರು. ಹ್ಯೋಗೊ ಪ್ರಾಂತ್ಯದಲ್ಲೇ ಹುಟ್ಟಿ ಬೆಳೆದ ತಾಜಿಮಾ ತಳಿಯ ದನವಾಗಿರಬೇಕು, ಮಾಂಸದ ಗುಣ ನಿಗದಿತ ಮಟ್ಟಕ್ಕೆ ಬರಬೇಕು. ಇಲ್ಲದಿದ್ದರೆ ಆ ಹೆಸರಿಲ್ಲ. ಕರುವಿನ ಮೂಗಿನ ಅಚ್ಚು ತೆಗೆದು ತಳಿ ದಾಖಲೆಯಲ್ಲಿ ಇಡುತ್ತಾರೆ. ಪ್ರತಿಯೊಂದು ದನಕ್ಕೂ 10 ಅಂಕಿಯ ಸಂಖ್ಯೆ ಇರುತ್ತದೆ. ಅವರದು ದನ, ನಮ್ಮದು ಕುರಿ. ಆದರೂ ಪಾಠ ಒಂದೇ: ಬರೀ ಬಾಯಿಮಾತಿಗೆ ಬೆಲೆ ಬಹಳ ದಿನ ನಿಲ್ಲುವುದಿಲ್ಲ, ದಾಖಲೆ ಬೇಕು.

ನಾವು ಏನು ಮಾಡಬಹುದು?

1. ಒಂದೊಂದು ಮನೆಯಲ್ಲಿ ನಾಲ್ಕೈದು ಕುರಿ ಇದ್ದರೆ ಐದಾರು ಮನೆಯವರು ಸೇರಿ ಒಂದು ಶುದ್ಧ ಟಗರು ಇಟ್ಟುಕೊಳ್ಳಿ. 25ರಿಂದ 30 ಹೆಣ್ಣು ಕುರಿಗಳಿಗೆ ಒಂದು ಟಗರು ಸಾಕು. ಖರ್ಚು ಹಂಚಿಹೋಗುತ್ತದೆ.

2. ಎರಡು ವರ್ಷಕ್ಕೊಮ್ಮೆ ಟಗರನ್ನು ಬೇರೆ ಊರಿನ ಗುಂಪಿನೊಂದಿಗೆ ಬದಲಾಯಿಸಿ. ತಂದೆಯೇ ಮಗಳ ಮೇಲೆ ಹಾರಿದರೆ ಮರಿಗಳು ಬಲಹೀನವಾಗುತ್ತವೆ.

3. ಮಿಶ್ರ ತಳಿಯ ಗಂಡು ಮರಿಗಳಿಗೆ ಬೀಜ ಒಡೆಸಿ, ಮಾಂಸಕ್ಕೆ ಮಾತ್ರ ಸಾಕಿ. ಅವುಗಳನ್ನು ಬಂಡೂರು ಅಂತ ಮಾರಬೇಡಿ.

4. ಕಿವಿಗೆ ಓಲೆ ಹಾಕಿಸಿ. ಒಂದು ನೋಟ್ ಪುಸ್ತಕದಲ್ಲಿ ಓಲೆ ಸಂಖ್ಯೆ, ತಾಯಿ, ತಂದೆ, ಹುಟ್ಟಿದ ದಿನ, ತಿಂಗಳ ತೂಕ, ಹಾಕಿಸಿದ ಲಸಿಕೆ ಬರೆದಿಡಿ. ಓದು ಬಾರದವರಿಗೆ ಮಕ್ಕಳು ಬರೆದುಕೊಡಲಿ.

5. ಪಿ.ಪಿ.ಆರ್., ಕರುಳುಬೇನೆ, ನೀಲಿನಾಲಿಗೆ ಲಸಿಕೆಗಳನ್ನು ಪಶು ವೈದ್ಯರನ್ನು ಕೇಳಿ ಕಾಲಕ್ಕೆ ಸರಿಯಾಗಿ ಹಾಕಿಸಿ. ಜಂತುಹುಳುವಿನ ಔಷಧಿ ಮರೆಯಬೇಡಿ.

6. ಕಣ್ಣಂದಾಜಿನಲ್ಲಿ ಮಾರದೆ ತೂಕ ಹಾಕಿ ಮಾರಿ. ಗುಂಪಾಗಿ ಮಾರಿದರೆ ದಲ್ಲಾಳಿ ಹೇಳಿದ್ದೇ ಬೆಲೆ ಆಗುವುದಿಲ್ಲ. ಒಳ್ಳೆಯ ಮರಿಯನ್ನು ತಳಿಗೆಂದೂ ಮಾರಬಹುದು.

ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ತಳಿ ಕೇಂದ್ರವಿದೆ. ಟಗರು ಕೊಳ್ಳುವ ಮೊದಲು ಅಲ್ಲಿಗೆ ಹೋಗಿ ಶುದ್ಧ ಕುರಿಯನ್ನು ಕಣ್ಣಾರೆ ನೋಡಿಕೊಂಡು ಬನ್ನಿ.

ಹಬ್ಬದ ಸಮಯದಲ್ಲಿ ಕೈತುಂಬ ಹಣ ತೋರಿಸಿದಾಗ ಬೇಡ ಅನ್ನುವುದು ಬಡವರಿಗೆ ಸುಲಭವಲ್ಲ. ಮಕ್ಕಳ ಫೀಸು, ಸಾಲದ ಕಂತು ಎಲ್ಲ ಎದುರಿಗೆ ನಿಂತಿರುತ್ತವೆ. ಅದಕ್ಕೇ ಟಗರು ಒಬ್ಬರ ಹೆಸರಿನಲ್ಲಿರದೆ ಗುಂಪಿನ ಆಸ್ತಿಯಾಗಿರಲಿ. ಆಗ ಒಬ್ಬರ ಕಷ್ಟಕ್ಕೆ ಎಲ್ಲರ ತಳಿ ಮಾರಾಟವಾಗುವುದಿಲ್ಲ. ಮುಂದಿನ ಸಂಘದ ಸಭೆಯಲ್ಲಿ ಈ ವಿಷಯ ಇಟ್ಟು ಮಾತಾಡಿ.