ಹೊಸಬರನ್ನು ಎಲ್ಲಿ ಕೂರಿಸೋದು?

ಸಿಇಟಿ ಆಪ್ಷನ್ ಎಂಟ್ರಿ ಮಾಡಿದ ದಿನ ನೆನಪಿದೆಯಾ? ಉದ್ದನೆಯ ಕಾಲೇಜು ಪಟ್ಟಿ, ಪ್ರತಿಯೊಂದಕ್ಕೂ ಒಂದು ಕೋಡ್, ಒಳಗೆ ಹೇಗಿದೆ ಅನ್ನೋದು ಒಂದರದ್ದೂ ಗೊತ್ತಿಲ್ಲ. ಹಿಂದಿನ ವರ್ಷದ ಕಟ್‌ಆಫ್ ನೋಡಿ, ಪರಿಚಯದ ಅಣ್ಣನೋ ಅಕ್ಕನೋ ಹೇಳಿದ ನಾಲ್ಕು ಹೆಸರು ಮೇಲೆ ಹಾಕಿ ಸಬ್‌ಮಿಟ್ ಒತ್ತಿದ್ವಿ. ಕಾಲೇಜು ನಮಗೆ ಹೊಂದುತ್ತೋ ಇಲ್ಲವೋ ತಿಳಿದಿದ್ದು ಎರಡನೇ ಸೆಮ್ ಹೊತ್ತಿಗೆ. ಮ್ಯಾಸ್ಟೊಡಾನ್‌ಗೆ ಮೊದಲ ಸಲ ಸೇರಲು ಹೋದಾಗ ನನಗೆ ಅದೇ ಅನುಭವ ಆಯ್ತು. ಹೆಸರು, ಪಾಸ್‌ವರ್ಡ್ ಕೇಳೋದಕ್ಕೂ ಮೊದಲು ಅದು ಕೇಳಿದ್ದು: ಯಾವ ಸರ್ವರ್‌ಗೆ ಸೇರ್ತೀರಿ? ನಾನು ಟ್ಯಾಬ್ ಮುಚ್ಚಿ ಎದ್ದು ಹೋದೆ. ವಾಪಸ್ ಬಂದಿದ್ದು ಮೂರು ತಿಂಗಳಾದ ಮೇಲೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮ್ಯಾಸ್ಟೊಡಾನ್ ನೋಡೋಕೆ ಹಳೇ ಟ್ವಿಟರ್ ಥರ. ಆದರೆ ಅದು ಒಂದು ಕಂಪನಿಯ ಒಂದು ಸೈಟ್ ಅಲ್ಲ. ಜರ್ಮನಿಯ ಯೂಜೆನ್ ರಾಕ್ಕೊ 2016ರಲ್ಲಿ ಬಿಡುಗಡೆ ಮಾಡಿದ ಓಪನ್ ಸೋರ್ಸ್ ಸಾಫ್ಟ್‌ವೇರ್. ಯಾರು ಬೇಕಾದರೂ ತಮ್ಮ ಸರ್ವರ್ ಮೇಲೆ ಹಾಕಿಕೊಂಡು ನಡೆಸಬಹುದು. ಬೇರೆ ಬೇರೆ ಸರ್ವರ್‌ಗಳು ಆಕ್ಟಿವಿಟಿಪಬ್ ಅನ್ನೋ ಪ್ರೋಟೋಕಾಲ್‌ನಲ್ಲಿ ಮಾತಾಡಿಕೊಳ್ಳುತ್ತವೆ. ನಿಮ್ಮದು ಜಿಮೇಲ್, ನನ್ನದು ಕಾಲೇಜು ಮೇಲ್ ಆದರೂ ಪತ್ರ ಬಂದು ಹೋಗುತ್ತಲ್ಲ, ಹಾಗೆ. ಹಾಗಾಗಿ ಸೈನ್ ಅಪ್ ಪುಟಕ್ಕೆ ಬಂದು ನಿಂತ ಹೊಸಬರನ್ನು ಸಾವಿರಾರು ಸರ್ವರ್‌ಗಳ ನಡುವೆ ಹಂಚಬೇಕು. ಹೇಗೆ ಹಂಚೋದು? ಲೋಡ್ ಬ್ಯಾಲೆನ್ಸಿಂಗ್ ತಾನೇ, ಅದನ್ನ ಓದಿದ್ದೀವಿ ಅಂತ ನಾನೂ ಅಂದ್ಕೊಂಡಿದ್ದೆ.

ಮೊದಲು, ಹಂಚದೇ ಇದ್ದರೆ ಏನಾಗುತ್ತೆ ನೋಡೋಣ. 2017ರ ಏಪ್ರಿಲ್‌ನಲ್ಲಿ ಜಪಾನ್‌ನಲ್ಲಿ ಮ್ಯಾಸ್ಟೊಡಾನ್ ಜ್ವರ ಹತ್ತಿತು. ಅಲ್ಲಿ ಒಂದು ಸರ್ವರ್ ಕೆಲವೇ ದಿನಗಳಲ್ಲಿ ಜಗತ್ತಿನ ಅತಿ ದೊಡ್ಡ ಮ್ಯಾಸ್ಟೊಡಾನ್ ಸರ್ವರ್‌ಗಳ ಸಾಲಿಗೆ ಬಂತು. ಅದನ್ನು ಶುರು ಮಾಡಿದ್ದು ನಮ್ಮ ಥರದ್ದೇ ಒಬ್ಬ ವಿದ್ಯಾರ್ಥಿ, ತನ್ನ ಮನೆಯಲ್ಲಿದ್ದ ಮಷಿನ್ ಮೇಲೆ. ಮುಂದೆ 2022ರ ಅಕ್ಟೋಬರ್ ಕೊನೆಯಲ್ಲಿ ಈಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಇದಕ್ಕಿಂತ ದೊಡ್ಡ ಅಲೆ ಬಂತು. ರಾಕ್ಕೊ ಅವರೇ ಕೊಟ್ಟ ಲೆಕ್ಕದಂತೆ ಅಕ್ಟೋಬರ್‌ನಿಂದ ನವೆಂಬರ್‌ಗೆ ತಿಂಗಳ ಸಕ್ರಿಯ ಬಳಕೆದಾರರು ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಏರಿದರು. ಕ್ರಿಸ್ ನೋವಾ ನಡೆಸುತ್ತಿದ್ದ ಹ್ಯಾಕಿಡರ್ಮ್ ಅನ್ನೋ ಸರ್ವರ್‌ನಲ್ಲಿ ತಿಂಗಳ ಮೊದಲು ಕೆಲವು ನೂರು ಜನ, ತಿಂಗಳ ಕೊನೆಗೆ ಸುಮಾರು 30 ಸಾವಿರ. ಮಷಿನ್‌ಗಳು ಇದ್ದಿದ್ದು ಆಕೆಯ ಮನೆಯ ನೆಲಮಾಳಿಗೆಯಲ್ಲಿ. ಫೋಟೋ, ವಿಡಿಯೋ ಎಲ್ಲಾ ಎನ್‌ಎಫ್‌ಎಸ್ ಮೂಲಕ ಒಂದೇ ಮಷಿನ್‌ನ ಡಿಸ್ಕ್ ಮೇಲೆ. ಆ ಡಿಸ್ಕ್ ನಿಧಾನ ಆದಾಗ ಉಳಿದಿದ್ದೆಲ್ಲವೂ ಅದರ ಹಿಂದೆ ಕ್ಯೂ ನಿಂತಿತು. ಕೊನೆಗೆ ಇಡೀ ವ್ಯವಸ್ಥೆಯನ್ನು ಜರ್ಮನಿಯ ಡೇಟಾ ಸೆಂಟರ್‌ಗೆ ಸಾಗಿಸಬೇಕಾಯ್ತು.

ಇಂಥ ಹೊತ್ತಲ್ಲಿ ಸರ್ವರ್ ಧಡಾರನೆ ಬೀಳೋದಿಲ್ಲ, ಅದು ಗಮನಿಸಬೇಕಾದ ವಿಷಯ. ಮ್ಯಾಸ್ಟೊಡಾನ್ ರೂಬಿ ಆನ್ ರೈಲ್ಸ್‌ನಲ್ಲಿ ಬರೆದದ್ದು. ಹಿನ್ನೆಲೆಯ ಕೆಲಸಗಳನ್ನು ಸೈಡ್‌ಕಿಕ್ ಅನ್ನೋ ಕ್ಯೂ ನೋಡಿಕೊಳ್ಳುತ್ತೆ. ಪೋಸ್ಟ್ ಹಾಕ್ತೀರಿ, ಹೋಯ್ತು ಅಂತ ತೋರಿಸುತ್ತೆ. ನಿಜವಾಗಿ ಅದು ಕ್ಯೂನಲ್ಲಿ ಕೂತಿರುತ್ತೆ, ಗೆಳೆಯನಿಗೆ ತಲುಪೋದು ಗಂಟೆಗಳ ನಂತರ. ಕೆಲಸ ಬೇಗ ಆಗಲಿ ಅಂತ ಸೈಡ್‌ಕಿಕ್ ಥ್ರೆಡ್ ಹೆಚ್ಚಿಸಿದರೆ ಪೋಸ್ಟ್‌ಗ್ರೆಸ್ ಕನೆಕ್ಷನ್‌ಗಳು ಮುಗಿದು ಹೋಗುತ್ತವೆ. ಡಿಬಿಎಂಎಸ್ ಲ್ಯಾಬ್‌ನಲ್ಲಿ ಕನೆಕ್ಷನ್ ಪೂಲಿಂಗ್ ಯಾಕೆ ಬೇಕು ಅಂತ ವೈವಾದಲ್ಲಿ ಕೇಳಿದಾಗ ತಡಬಡಾಯಿಸಿದ್ದೆ, ಇದನ್ನು ಓದಿದ ಮೇಲೆ ಮರೆತಿಲ್ಲ.

ಹಾಗಾದರೆ ಎಲ್ಲರನ್ನೂ ಸಮನಾಗಿ ಹರಡಿಬಿಟ್ಟರೆ ಮುಗೀತಲ್ಲ? ಇಲ್ಲ, ಹರಡೋದಕ್ಕೂ ಖರ್ಚಿದೆ. ನಿಮಗೆ ಸಾವಿರ ಫಾಲೋವರ್‌ಗಳಿದ್ದು ಅವರೆಲ್ಲಾ ಇನ್ನೊಂದು ಒಂದೇ ಸರ್ವರ್‌ನಲ್ಲಿದ್ದರೆ ನಿಮ್ಮ ಪೋಸ್ಟ್ ಅಲ್ಲಿಗೆ ಒಂದು ಸಲ ಹೋದರೆ ಸಾಕು. ಶೇರ್ಡ್ ಇನ್‌ಬಾಕ್ಸ್ ಅಂತ ಇದೆ, ಅಲ್ಲಿಂದ ಆ ಸರ್ವರ್ರೇ ಹಂಚಿಕೊಳ್ಳುತ್ತೆ. ಅದೇ ಸಾವಿರ ಜನ ಸಾವಿರ ಸರ್ವರ್‌ಗಳಲ್ಲಿದ್ದರೆ ಸಾವಿರ ಸಲ ಕಳಿಸಬೇಕು. ಅದರಲ್ಲಿ ಕೆಲವು ಸತ್ತಿರುತ್ತವೆ, ಅವಕ್ಕೆ ಮತ್ತೆ ಮತ್ತೆ ಪ್ರಯತ್ನ. ಪೋಸ್ಟ್‌ನಲ್ಲಿ ಒಂದು ಲಿಂಕ್ ಇದ್ದರಂತೂ ಪ್ರತಿ ಸರ್ವರ್ರೂ ಪ್ರಿವ್ಯೂಗೋಸ್ಕರ ಆ ಪುಟವನ್ನು ತಾನೇ ಹೋಗಿ ತರುತ್ತೆ. ಯಾರದ್ದೋ ಬಡಪಾಯಿ ಬ್ಲಾಗ್ ಮೇಲೆ ಒಂದೇ ನಿಮಿಷದಲ್ಲಿ ಸಾವಿರ ಹಿಟ್. ಎಲ್ಲಾ ಒಟ್ಟಿಗೆ ನುಗ್ಗದಿರಲಿ ಅಂತ ಮ್ಯಾಸ್ಟೊಡಾನ್ ಕೋಡ್‌ನಲ್ಲಿ ಒಂದಷ್ಟು ಸೆಕೆಂಡ್ ಯಾದೃಚ್ಛಿಕವಾಗಿ ಕಾಯಿಸ್ತಾರೆ, ಪೂರ್ತಿ ಪರಿಹಾರ ಅದಲ್ಲ.

ಪುಸ್ತಕದಲ್ಲಿರೋ ಉತ್ತರವನ್ನೂ ನೋಡಿಬಿಡೋಣ. ಚೆಂಡುಗಳನ್ನು ಬುಟ್ಟಿಗಳಿಗೆ ಕಣ್ಣುಮುಚ್ಚಿ ಎಸೆದರೆ ಯಾವುದೋ ಒಂದು ಬುಟ್ಟಿ ಬೇರೆಯವಕ್ಕಿಂತ ಸಾಕಷ್ಟು ಜಾಸ್ತಿ ತುಂಬಿಕೊಳ್ಳುತ್ತೆ. ಎನ್ ಚೆಂಡು, ಎನ್ ಬುಟ್ಟಿ ಆದರೆ ಅತಿ ಹೆಚ್ಚು ತುಂಬಿದ್ದರಲ್ಲಿ ಸುಮಾರು ಲಾಗ್ ಎನ್ ಭಾಗಿಸು ಲಾಗ್ ಲಾಗ್ ಎನ್. ಅದರ ಬದಲು ಪ್ರತಿ ಸಲ ಎರಡು ಬುಟ್ಟಿ ಆರಿಸಿ, ಅದರಲ್ಲಿ ಖಾಲಿ ಇರೋದಕ್ಕೆ ಹಾಕಿದರೆ ಅದು ಲಾಗ್ ಲಾಗ್ ಎನ್ ಮಟ್ಟಕ್ಕೆ ಇಳಿಯುತ್ತೆ. ಎರಡೇ ಎರಡು ಆಯ್ಕೆಯಿಂದ ಇಷ್ಟು ಲಾಭ ಅನ್ನೋದನ್ನ ಅಝಾರ್, ಬ್ರೋಡರ್, ಕಾರ್ಲಿನ್, ಅಪ್ಫಾಲ್ 1990ರ ದಶಕದಲ್ಲಿ ತೋರಿಸಿದರು. ನಿಜವಾದ ಲೋಡ್ ಬ್ಯಾಲೆನ್ಸರ್‌ಗಳಲ್ಲಿ ಈ ಉಪಾಯ ಬಳಕೆಯಲ್ಲಿದೆ. ಸೈನ್ ಅಪ್ ಪುಟ ಹೊಸಬರಿಗೆ ಎರಡು ಸರ್ವರ್ ನೋಡಿ, ಜಾಗ ಜಾಸ್ತಿ ಇರೋದನ್ನು ಕೊಟ್ಟರೆ ಗಣಿತದ ಮಟ್ಟಿಗೆ ಚೆನ್ನಾಗೇ ಹರಡುತ್ತೆ.

ಗಣಿತ ಎಡವೋದು ಚೆಂಡು ಮನುಷ್ಯ ಆದಾಗ. ಮಾಮೂಲಿ ಲೋಡ್ ಬ್ಯಾಲೆನ್ಸರ್ ಹಿಂದೆ ಇರೋ ಮಷಿನ್‌ಗಳೆಲ್ಲಾ ಒಂದೇ ಥರ, ಒಬ್ಬನೇ ಮಾಲೀಕ. ನಿಮ್ಮ ರಿಕ್ವೆಸ್ಟ್ ಯಾವುದಕ್ಕೆ ಹೋಯ್ತು ಅಂತ ನಿಮಗೆ ಗೊತ್ತಾಗೋದೂ ಇಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಇಲ್ಲಿ ಸರ್ವರ್ ಹೆಸರು ನಿಮ್ಮ ಹೆಸರಿನ ಭಾಗ. ಅಡ್ಮಿನ್ ಯಾರು, ನಿಯಮ ಏನು, ಬೈಗುಳ ಬಂದಾಗ ರಿಪೋರ್ಟ್ ಮಾಡಿದರೆ ಯಾರಾದರೂ ನೋಡ್ತಾರಾ, ಎಲ್ಲವೂ ಸರ್ವರ್‌ನಿಂದ ಸರ್ವರ್‌ಗೆ ಬೇರೆ. ಕನ್ನಡದಲ್ಲಿ ಬರೆಯೋ ಒಬ್ಬರನ್ನು ಲೆಕ್ಕಾಚಾರ ಜರ್ಮನ್ ಸರ್ವರ್‌ಗೆ ಹಾಕಿದರೆ ಅವರ ಲೋಕಲ್ ಟೈಮ್‌ಲೈನ್ ಪೂರ್ತಿ ಜರ್ಮನ್. ಇನ್ನು ತೀರಾ ಚಿಕ್ಕ ಸರ್ವರ್‌ಗೆ ಹೋದರೆ ಖಾಲಿ ಮನೆ. ಯಾಕಂದರೆ ಒಂದು ಸರ್ವರ್‌ಗೆ ಸಾಮಾನ್ಯವಾಗಿ ಬರೋದು ಅಲ್ಲಿನವರು ಫಾಲೋ ಮಾಡಿದವರ ಪೋಸ್ಟ್‌ಗಳು. ಜನ ಕಡಿಮೆ ಇದ್ದರೆ ಹ್ಯಾಶ್‌ಟ್ಯಾಗ್ ಹುಡುಕಿದರೂ ಏನೂ ಸಿಗಲ್ಲ. ಹೊಸಬರು ಎರಡು ದಿನ ನೋಡಿ, ಇಲ್ಲಿ ಯಾರೂ ಇಲ್ಲ ಕಣ್ರೋ ಅಂತ ಹೊರಡ್ತಾರೆ.

ನೀವೇ ಆರಿಸಿ ಅಂತ ಬಿಟ್ಟರೆ ನಾನು ಟ್ಯಾಬ್ ಮುಚ್ಚಿದ ಹಾಗೆ ಆಗುತ್ತೆ. ಆರಿಸೋವಷ್ಟು ತಾಳ್ಮೆ ಇದ್ದವರು ಹೆಸರು ಕೇಳಿರೋ ಸರ್ವರ್‌ಗೇ ಹೋಗ್ತಾರೆ, ದೊಡ್ಡದು ಇನ್ನೂ ದೊಡ್ಡದಾಗುತ್ತೆ. 2019ರಲ್ಲಿ ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದಾಗ ಭಾರತದಿಂದ ಒಂದು ದೊಡ್ಡ ಗುಂಪು ಮ್ಯಾಸ್ಟೊಡಾನ್‌ಗೆ ಹೋಗಿತ್ತು. ಹಾಗೆ ಗುಂಪಾಗಿ ಹೊರಟವರು ಕೇಳೋದು ನಿಮ್ಮ ನಿಯಮ ಏನು ಅಂತಲ್ಲ, ನಮ್ಮೋರು ಎಲ್ಲಿದ್ದಾರೆ ಅಂತ. ತಪ್ಪೇನಿಲ್ಲ, ನಾವೂ ಹಾಸ್ಟೆಲ್ ರೂಮ್ ಹಂಗೇ ಆರಿಸೋದು.

ರಾಕ್ಕೊ ಅವರ ತಂಡ ಬಹಳ ವರ್ಷ ಹರಡೋ ಕಡೆಗೇ ಇತ್ತು. ತಾವೇ ನಡೆಸೋ ಮ್ಯಾಸ್ಟೊಡಾನ್ ಡಾಟ್ ಸೋಷಿಯಲ್‌ಗೆ ಹೊಸ ನೋಂದಣಿಯನ್ನು ಆಗಾಗ ಮುಚ್ಚಿ, ಬೇರೆ ಸರ್ವರ್ ನೋಡಿ ಅಂತಿದ್ದರು. 2023ರ ಮೇನಲ್ಲಿ ನಿಲುವು ಬದಲಾಯ್ತು. ಆ್ಯಪ್ ತೆರೆದರೆ ದೊಡ್ಡ ಬಟನ್ ನೇರ ಅದೇ ಸರ್ವರ್‌ಗೆ, ಬೇರೆ ಆರಿಸೋರಿಗೆ ಕೆಳಗೆ ಇನ್ನೊಂದು ಬಟನ್. ವಿಕೇಂದ್ರೀಕರಣ ಅಂತ ಹೇಳ್ಕೊಂಡು ಇದೇನ್ರಪ್ಪಾ ಅಂತ ಹಳಬರು ಸಿಟ್ಟಾದರು. ಅದೇ ತಿಂಗಳು ಆ ಸರ್ವರ್‌ನಿಂದ ಕ್ರಿಪ್ಟೋ ಸ್ಪ್ಯಾಮ್ ಹರಿದು, ಕೆಲವು ಅಡ್ಮಿನ್‌ಗಳು ಇಡೀ ಮ್ಯಾಸ್ಟೊಡಾನ್ ಡಾಟ್ ಸೋಷಿಯಲ್ ಅನ್ನೇ ತಾತ್ಕಾಲಿಕವಾಗಿ ತಡೆದರು. ಲಕ್ಷಾಂತರ ಜನ ಒಂದೇ ಕಡೆ ಇದ್ದಾಗ ತಡೆದರೂ ಕಷ್ಟ, ಬಿಟ್ಟರೂ ಕಷ್ಟ.

ಆದರೆ ಚಿಕ್ಕದೆಲ್ಲಾ ಒಳ್ಳೇದು ಅನ್ನೋರಿಗೆ 2024ರ ಫೆಬ್ರವರಿ ಉತ್ತರ ಕೊಟ್ಟಿತು. ಆಗ ಸ್ಪ್ಯಾಮ್ ಬಂದಿದ್ದು ನೋಂದಣಿ ತೆರೆದಿಟ್ಟು ಅಡ್ಮಿನ್ ಮರೆತೇ ಹೋಗಿದ್ದ ಪುಟ್ಟ ಪುಟ್ಟ ಸರ್ವರ್‌ಗಳಿಂದ. ಅದಾದ ಮೇಲೆ ಬಂದ ಆವೃತ್ತಿಯಲ್ಲಿ, ಒಂದು ವಾರ ಯಾವ ಮಾಡರೇಟರ್ ಕೂಡ ಲಾಗಿನ್ ಆಗದಿದ್ದರೆ ನೋಂದಣಿ ತಾನಾಗೇ ಅನುಮತಿ ಬೇಕು ಅನ್ನೋ ಸ್ಥಿತಿಗೆ ಹೋಗುವಂತೆ ಮಾಡಿದರು. ನನಗೆ ಇಷ್ಟವಾದ ಬದಲಾವಣೆ ಇದು. ಸರ್ವರ್‌ನ ಕೆಪ್ಯಾಸಿಟಿ ಅಂದರೆ ರ‍್ಯಾಮ್, ಡಿಸ್ಕ್ ಮಾತ್ರ ಅಲ್ಲ, ನೋಡಿಕೊಳ್ಳೋ ಮನುಷ್ಯರ ಸಮಯವೂ ಅದರಲ್ಲಿ ಸೇರುತ್ತೆ ಅಂತ ಕೋಡ್‌ನಲ್ಲೇ ಒಪ್ಪಿಕೊಂಡ ಹಾಗೆ.

ಬ್ಲೂಸ್ಕೈ ಬೇರೆ ದಾರಿ ಹಿಡಿದಿದೆ. ಅಲ್ಲಿ ಖಾತೆಗಳನ್ನು ಅಣಬೆಗಳ ಹೆಸರಿಟ್ಟ ಹಲವು ಸರ್ವರ್‌ಗಳಿಗೆ ಹಿಂದಿನಿಂದಲೇ ಹಂಚುತ್ತಾರೆ, ನಿಮ್ಮನ್ನು ಏನೂ ಕೇಳಲ್ಲ. ಗುರುತು ಸರ್ವರ್ ಹೆಸರಿಗೆ ಅಂಟಿಕೊಂಡಿಲ್ಲದ ಕಾರಣ ಇದು ಸಾಧ್ಯ. ಆದರೆ ಆ ಅಣಬೆಗಳೆಲ್ಲಾ ಒಂದೇ ಕಂಪನಿಯ ತೋಟದವು. ಲೋಡ್ ಹಂಚಿಕೆಯಾಯ್ತು, ಅಧಿಕಾರ ಹಂಚಿಕೆಯಾಗಲಿಲ್ಲ.

ನನ್ನ ಅಭಿಪ್ರಾಯ ಹೇಳ್ತೀನಿ. ಮೊದಲ ನಿಮಿಷದಲ್ಲಿ ಹೊಸಬರು ಎಲ್ಲಿ ಕೂರ್ತಾರೆ ಅನ್ನೋದಕ್ಕೆ ನಾವು ಕೊಡ್ತಿರೋ ಮಹತ್ವ ಜಾಸ್ತಿಯಾಯ್ತು. ಆರು ತಿಂಗಳಾದ ಮೇಲೆ ಎದ್ದು ಬೇರೆ ಕಡೆ ಹೋಗೋದು ಸುಲಭ ಇದ್ದರೆ, ಮೊದಲು ಎಲ್ಲಿ ಕೂರಿಸಿದರೂ ನಡೆಯುತ್ತೆ. ಈಗ ಅದು ಅರ್ಧ ಮಾತ್ರ ಸುಲಭ. ಖಾತೆ ಸಾಗಿಸಿದರೆ ಫಾಲೋವರ್‌ಗಳು ಹಿಂದೆ ಬರ್ತಾರೆ, ನೀವು ಫಾಲೋ ಮಾಡಿದವರ ಪಟ್ಟಿಯನ್ನು ಫೈಲ್ ಮಾಡಿ ತಗೊಂಡು ಹೋಗಬಹುದು, ಹಳೇ ಪೋಸ್ಟ್‌ಗಳು ಅಲ್ಲೇ ಉಳೀತವೆ. ಎಲ್ಲಕ್ಕಿಂತ ದೊಡ್ಡ ಷರತ್ತು, ಬಿಟ್ಟು ಹೊರಡೋವಾಗ ಹಳೇ ಸರ್ವರ್ ಬದುಕಿರಬೇಕು. ನಾನು ಕೊನೆಗೂ ಸೇರಿದ್ದು ಒಬ್ಬರೇ ನಡೆಸುತ್ತಿದ್ದ ಪುಟ್ಟ ಸರ್ವರ್‌ಗೆ. ಇಂಟರ್ನಲ್ಸ್ ಅಂತ ಎರಡು ವಾರ ಆ ಕಡೆ ಹೋಗಿರಲಿಲ್ಲ. ವಾಪಸ್ ಬಂದರೆ ಡೊಮೇನ್ ತೆರೆಯಲೇ ಇಲ್ಲ. ಎರಡು ವರ್ಷ ಬರೆದದ್ದು, ಅದಕ್ಕಿಂತ ಹೆಚ್ಚಾಗಿ ಅಲ್ಲಿ ಮಾತ್ರ ಪರಿಚಯ ಇದ್ದ ನಲವತ್ತೋ ಐವತ್ತೋ ಜನ, ಹೋಯ್ತು. ಆ ಅಡ್ಮಿನ್ ಮೇಲೆ ಈಗ ಸಿಟ್ಟಿಲ್ಲ. ತಿಂಗಳು ತಿಂಗಳು ಬಿಲ್ ಕಟ್ಟಿಕೊಂಡು, ಯಾರಿಂದಲೂ ಥ್ಯಾಂಕ್ಸ್ ಅನ್ನಿಸಿಕೊಳ್ಳದೆ ಅಷ್ಟು ದಿನ ನಡೆಸಿದ್ದೇ ಹೆಚ್ಚು.

ಇದಕ್ಕೆಂದೇ ಮ್ಯಾಸ್ಟೊಡಾನ್‌ನ ಅಧಿಕೃತ ಪಟ್ಟಿಗೆ ಸೇರಬೇಕಾದ ಸರ್ವರ್ ಕೆಲವು ಮಾತು ಕೊಡಬೇಕು: ದ್ವೇಷದ ಬರಹಗಳನ್ನು ತಡೆಯಬೇಕು, ದಿನಾ ಬ್ಯಾಕಪ್ ತೆಗೀಬೇಕು, ತುರ್ತಿಗೆ ಇನ್ನೊಬ್ಬರ ಬಳಿಯೂ ಕೀಲಿ ಇರಬೇಕು, ಮುಚ್ಚೋದಾದರೆ ಮೂರು ತಿಂಗಳು ಮೊದಲೇ ಹೇಳಬೇಕು. ಮೊದಲನೇದನ್ನು ಬಿಟ್ಟರೆ ಉಳಿದ ಮೂರೂ, ಜನ ಸುರಕ್ಷಿತವಾಗಿ ಎದ್ದು ಹೋಗಲು ಬೇಕಾದವೇ. ನೀವು ಸೇರೋದಿದ್ದರೆ ಆ ಪಟ್ಟಿಯಿಂದ ಮಧ್ಯಮ ಗಾತ್ರದ್ದು ಯಾವುದಾದರೂ ಒಂದನ್ನು ಹಿಡಿಯಿರಿ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಫಾಲೋ ಪಟ್ಟಿಯನ್ನು ಆಗಾಗ ಇಳಿಸಿಟ್ಟುಕೊಳ್ಳಿ.

ನಮ್ಮ ಕನ್ನಡ ಬಳಗದ್ದೇ ಒಂದು ಸರ್ವರ್ ಮಾಡೋಣ ಅಂತ ಈ ಸೆಮ್ ಮಾತು ಬಂದಿದೆ. ನೂರು ಜನಕ್ಕೆ ಸೀಮಿತ, ಪ್ರತಿ ಅರ್ಜಿಯನ್ನೂ ನೋಡಿಯೇ ಒಪ್ಪೋದು, ರೂಟ್ ಪಾಸ್‌ವರ್ಡ್ ಯಾವಾಗಲೂ ಇಬ್ಬರ ಹತ್ತಿರ, ಅದರಲ್ಲಿ ಒಬ್ಬರು ಎರಡನೇ ವರ್ಷದವರು. ಇಷ್ಟಕ್ಕೆ ಎಲ್ಲರೂ ಒಪ್ಪಿದ್ದಾರೆ. ನಾವು ಫೈನಲ್ ಇಯರ್‌ನವರು ಹೊರಟ ಮೇಲೆ ಡೊಮೇನ್ ಯಾರ ಹೆಸರಲ್ಲಿ ಇರಬೇಕು ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.