ಅಸ್ಥಿಯೊಳಗಿನ ಸೀಸ: ಫ್ರಾಂಕ್ಲಿನ್ ನೌಕಾಯಾನದ ಸಾಕ್ಷ್ಯಗಳು

ಗತಕಾಲದ ಬದುಕನ್ನು ಅರಿಯುವ ಆಕರಗಳೆಂದರೆ ಶಾಸನ, ಹಸ್ತಪ್ರತಿ, ಮೌಖಿಕ ಕಥನಗಳು ಎಂಬುದು ರೂಢಿಯ ತಿಳಿವಳಿಕೆ. ಇವುಗಳ ಸಾಲಿಗೆ ಮಾನವ ಅಸ್ಥಿಯೂ ಸೇರಿರುವುದು ಗಮನಾರ್ಹ. ಮೂಳೆಯ ಖನಿಜಾಂಶ ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟಿನಿಂದ ರೂಪುಗೊಂಡದ್ದು. ಅನ್ನ, ನೀರು, ಗಾಳಿಯ ಮೂಲಕ ದೇಹವನ್ನು ಸೇರುವ ಸ್ಟ್ರಾನ್ಷಿಯಂ, ಸೀಸ ಮುಂತಾದ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿ ಕ್ಯಾಲ್ಸಿಯಂನ ಸ್ಥಾನವನ್ನು ಆಕ್ರಮಿಸಿಕೊಳ್ಳುತ್ತವೆ. ರಕ್ತದಲ್ಲಿನ ಸೀಸ ಕೆಲವೇ ವಾರಗಳಲ್ಲಿ ಇಳಿಮುಖವಾದರೆ, ಮೂಳೆಯೊಳಗಿನದು ದಶಕಗಳ ಕಾಲ ಉಳಿಯುತ್ತದೆ. ಈ ದೀರ್ಘಬಾಳಿಕೆಯೇ ಸಂಶೋಧಕನಿಗೆ ವರವೂ ಹೌದು, ತೊಡಕೂ ಹೌದು.

ಈ ತೊಡಕಿಗೆ ಫ್ರಾಂಕ್ಲಿನ್ ನೌಕಾಯಾನದ ಪ್ರಕರಣಕ್ಕಿಂತ ಉತ್ತಮ ನಿದರ್ಶನ ವಿರಳ. 1845ರಲ್ಲಿ ಸರ್ ಜಾನ್ ಫ್ರಾಂಕ್ಲಿನ್‌ನ ನೇತೃತ್ವದಲ್ಲಿ 'ಎರೆಬಸ್' ಮತ್ತು 'ಟೆರರ್' ಎಂಬ ಎರಡು ಹಡಗುಗಳು ಉತ್ತರ ಧ್ರುವಪ್ರದೇಶದ ಜಲಮಾರ್ಗವನ್ನು ಅರಸುತ್ತ ಇಂಗ್ಲೆಂಡಿನಿಂದ ಹೊರಟವು. ಅವುಗಳಲ್ಲಿದ್ದ 129 ಮಂದಿಯಲ್ಲಿ ಒಬ್ಬನೂ ಹಿಂದಿರುಗಲಿಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಓವೆನ್ ಬೀಟಿ 1981ರಲ್ಲಿ ಕಿಂಗ್ ವಿಲಿಯಂ ದ್ವೀಪದಲ್ಲಿ ದೊರೆತ ಮೂಳೆಯೊಂದನ್ನು ಪರೀಕ್ಷೆಗೆ ಒಳಪಡಿಸಿದಾಗ, ಹತ್ತು ಲಕ್ಷ ಭಾಗಗಳಿಗೆ 228 ಭಾಗ ಸೀಸ ಕಂಡುಬಂತು. ಅದೇ ಪ್ರದೇಶದ ಇನ್ಯುಯಿಟ್ ಜನರ ಮೂಳೆಗಳಲ್ಲಿ ಇದ್ದದ್ದು 22ರಿಂದ 36 ಭಾಗ ಮಾತ್ರ. ಬಳಿಕ 1984 ಮತ್ತು 1986ರಲ್ಲಿ ಬೀಚಿ ದ್ವೀಪದ ಹಿಮಗಟ್ಟಿದ ನೆಲದಿಂದ ಟಾರಿಂಗ್ಟನ್, ಹಾರ್ಟ್‌ನೆಲ್, ಬ್ರೇನ್ ಎಂಬ ಮೂವರು ನಾವಿಕರ ಶವಗಳನ್ನು ಹೊರತೆಗೆಯಲಾಯಿತು. ಅವುಗಳಲ್ಲಿಯೂ ಸೀಸ ಅಧಿಕವಾಗಿತ್ತು. ಆಹಾರ ತುಂಬಿದ ತಗಡಿನ ಡಬ್ಬಿಗಳ ಬೆಸುಗೆಯ ಸೀಸವೇ ನಾವಿಕರ ವಿವೇಕವನ್ನು ಕೆಡಿಸಿ ಸಾವಿಗೆ ದೂಡಿತೆಂಬ ವಾದ ಹೀಗೆ ಜನಪ್ರಿಯವಾಯಿತು.

ಆದರೆ ಈ ಹೋಲಿಕೆಯ ತಳಹದಿಯೇ ದುರ್ಬಲವಾದದ್ದು. ಬೇಟೆಯಿಂದ ಬದುಕುತ್ತಿದ್ದ ಇನ್ಯುಯಿಟರನ್ನಲ್ಲ, ಸೀಸದ ಕೊಳವೆಯ ನೀರು ಕುಡಿದು, ಸೀಸದ ಬಣ್ಣದ ನಡುವೆ ಬೆಳೆದ ಅದೇ ಕಾಲದ ಬ್ರಿಟಿಷರನ್ನು ಅಳತೆಗೋಲಾಗಿ ಇರಿಸಿಕೊಳ್ಳಬೇಕಿತ್ತು. ಮೂಳೆಯಲ್ಲಿರುವ ಸೀಸದ ಮೊತ್ತ ಅದು ಯಾವಾಗ ಸೇರಿತೆಂಬುದನ್ನು ಹೇಳುವುದಿಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇಗ ಸತ್ತವರ ಮತ್ತು ಹೆಚ್ಚು ಕಾಲ ಬದುಕುಳಿದವರ ಮೂಳೆಗಳನ್ನು ಪರಸ್ಪರ ಹೋಲಿಸಿತು. ಆಂಟಿಗುವಾದಲ್ಲಿ ಸಮಾಧಿಯಾದ ನೌಕಾಪಡೆಯವರ ಮೂಳೆಗಳನ್ನೂ ಹೋಲಿಕೆಗೆ ಬಳಸಿತು. ದುರಂತಕ್ಕೆ ಸೀಸ ನಿರ್ಣಾಯಕ ಕಾರಣವಲ್ಲವೆಂಬುದು ಅದರ ತೀರ್ಮಾನ.

ಇದಕ್ಕೆ ಮೊದಲೇ, 2016ರಲ್ಲಿ, ಹಾರ್ಟ್‌ನೆಲ್‌ನ ಉಗುರಿನ ಪರೀಕ್ಷೆ ಹೊಸ ಬೆಳಕು ಚೆಲ್ಲಿತ್ತು. ಉಗುರು ಬೆಳೆಯುತ್ತ ಹೋಗುವುದರಿಂದ ಅದು ಕೊನೆಯ ತಿಂಗಳುಗಳ ದಿನಚರಿಯಂತಿರುತ್ತದೆ. ಅದರಲ್ಲಿ ಕಂಡದ್ದು ಸತುವಿನ ತೀವ್ರ ಕೊರತೆ, ಅಂದರೆ ಪೌಷ್ಟಿಕತೆಯ ಅಭಾವ. ಸೀಸ ಏರಿದ್ದು ಅಂತಿಮ ವಾರಗಳಲ್ಲಿ ಮಾತ್ರ. ಕ್ಷಯಿಸುತ್ತಿದ್ದ ದೇಹ ತನ್ನಲ್ಲೇ ಕೂಡಿಟ್ಟಿದ್ದ ಸೀಸವನ್ನು ರಕ್ತಕ್ಕೆ ಬಿಟ್ಟುಕೊಟ್ಟಿತೆಂದು ಸಂಶೋಧಕರು ಅರ್ಥೈಸಿದರು.

ಇನ್ಯುಯಿಟರು ಈ ಹಸಿವಿನ ಕಥೆಯನ್ನು ಮೊದಲೇ ಹೇಳಿದ್ದರೆಂಬುದನ್ನು ಇಲ್ಲಿ ಮರೆಯಲಾಗದು. ನಾವಿಕರು ಉಪವಾಸದಿಂದ ಸತ್ತರೆಂದೂ ಶವಗಳನ್ನು ತಿಂದರೆಂದೂ ಅವರು ಜಾನ್ ರೇ ಎಂಬ ಅನ್ವೇಷಕನಿಗೆ ತಿಳಿಸಿದ್ದು 1854ರಲ್ಲಿ. ಚಾರ್ಲ್ಸ್ ಡಿಕನ್ಸ್‌ನಂತಹ ಲೇಖಕನೇ ಅದನ್ನು ನಂಬಲರ್ಹವಲ್ಲದ ಮಾತೆಂದು ತಳ್ಳಿಹಾಕಿದ. 1997ರಲ್ಲಿ ಎರೆಬಸ್ ಕೊಲ್ಲಿಯ ಮೂಳೆಗಳ ಮೇಲೆ ಚಾಕುವಿನ ಗುರುತುಗಳಿರುವುದು ವರದಿಯಾಯಿತು. 2024ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಗುರುತು ಹಿಡಿಯಲಾದ, ಅಂಥದೇ ಗೀರುಗಳಿದ್ದ ದವಡೆಯೊಂದು 'ಎರೆಬಸ್' ಹಡಗಿನ ಕಪ್ತಾನ ಜೇಮ್ಸ್ ಫಿಟ್ಜ್‌ಜೇಮ್ಸ್‌ನದಾಗಿತ್ತು.